ಅವ್ವನ ಮನಿ ಕಚ್ಚಾ ಅಂತ, ದನದ ಕೊಟ್ಟಗಿ ಪಕ್ಕಾ ಅಂತ!

ಹೋದ ತಿಂಗಳ ತವರಿಗೆ ಹೋಗಿದ್ದೆ. ಬಾದಾಮಿ ಕಡೆ ನಮ್ಮ ಹಳ್ಳಿ ಅಂತ ನಿಮಗೆಲ್ಲಾ ಗೊತ್ತೈತಿ. ಮಧ್ಯಾಹ್ನ ಊಟ ಮುಗಿಸಿ ಅವ್ವನ ಜೋಡಿ ಪಡಸಾಲ್ಯಾಗ ಅಡ್ಡಾಗಿದ್ದೆ, ಕೈಯಾಗ ಮೊಬೈಲ್ ಹಿಡಕೊಂಡು ಒಬ್ಬ ಹುಡುಗ ಬಂದ. ಮನಿ ಲೆಕ್ಕ ಬರಕೊಳ್ಳಾಕ ಬಂದೀನ್ರಿ ಅಂದ. ನೀರು ಕೊಟ್ವಿ, ಚಾ ಕೊಟ್ವಿ. ಅವ ಗ್ವಾಡಿ ನೋಡಿದ, ಕತ್ತೆತ್ತಿ ತೊಲಿ-ಜಂತಿ ನೋಡಿದ, ಬೆಳಕಿಂಡಿ ನೋಡಿದ. ಆಮ್ಯಾಲ ಮೊಬೈಲಿನ್ಯಾಗ ಒತ್ತಕೋತ ತನಗ ತಾನ ಅಂದಂಗ "ಕಚ್ಚಾ ಮನಿ" ಅಂದ.

ಅವ್ವಗ ಈಗ 82. ಕಿವಿ ಮಂದ, ಆದ್ರ ಆ ಶಬ್ದ ಮಾತ್ರ ಬರೋಬ್ಬರಿ ಕೇಳಿಸ್ತು. "ಯಾವುದಪಾ ಕಚ್ಚಾ? ಈ ಮನ್ಯಾಗ ನಾ ಐದು ಹಡದೀನಿ. ಅತ್ತಿ-ಮಾವನ್ನ ಇಲ್ಲೇ ಕಳಿಸಿ ಕೊಟ್ಟೀನಿ. ನೀ ಕುಂತ ಕಟ್ಟಿ ನನ್ನ ಕೈಯಾರೆ ಮೆತ್ತಿದ್ದು" ಅಂತ ಶುರು ಮಾಡಿದ್ಳು. ಹುಡುಗ ಪಾಪ, ನಕ್ಕ. "ನಾ ಅನ್ನೂದಲ್ಲ ಅಮ್ಮಾರ, ಇದರಾಗ ಹಂಗ ಐತಿ" ಅಂತ ಮೊಬೈಲ್ ತೋರಿಸಿದ. ನನ್ನ ತಮ್ಮ ಬಾಗಲಾಗ ನಿಂತಾವ, "ಸುಮ್ನಿರು ಅವ್ವಾ, ಕಚ್ಚಾ ಅಂತ ಬರದ್ರನ ಛಲೋ, ಮನಿ ಮಂಜೂರಾಗತೈತಿ" ಅಂದ.

ಮಂಜೂರಾದ್ರ ಅವನ ವಿಚಾರ ಏನಂದ್ರ ಇಡೀ ಮನಿ ಕೆಡವಿ ಆರ್‌ಸಿಸಿ ಹಾಕೂದು. ಅವ್ವನ ಖೋಲಿ ಸುದ್ದಾ.

ತಮ್ಮನ ಮಗ ಬಿಇ ಸಿವಿಲ್ ಓದ್ಯಾನ. ಅವನ್ನ ಕೇಳಿದೆ, ಏನಪಾ ಈ ಕಚ್ಚಾ-ಪಕ್ಕಾ ಯಾರು ಠರಾವು ಮಾಡಿದ್ರು ಅಂತ. ಅವ ರಾಷ್ಟ್ರೀಯ ಮಾದರಿ ಸಮೀಕ್ಷೆಯವರು ಬರದಿಟ್ಟ ವ್ಯಾಖ್ಯಾನ ತಗದು ತೋರಿಸಿದ. ನೋಡ್ರವಾ, ನೀವೂ ಕೇಳ್ರಿ. ಕಚ್ಚಾ ಅಂದ್ರ ಮಣ್ಣು, ಬಿದಿರು, ಹುಲ್ಲು, ಎಲಿ, ಜೊಂಡು, ಸುಡದ ಇಟ್ಟಂಗಿ. ಪಕ್ಕಾ ಅಂದ್ರ ಸಿಮೆಂಟು, ಸುಟ್ಟ ಇಟ್ಟಂಗಿ, ಕಲ್ಲು, ಕಟಗಿ, ಹಂಚು, ತಗಡು, ಪ್ಲೈವುಡ್ಡು, ಪಿವಿಸಿ ಪ್ಲಾಸ್ಟಿಕ್ಕು, ಮತ್ತ ಆಸ್ಬೆಸ್ಟಾಸ್ ಸಿಮೆಂಟ್ ಶೀಟು! ನಮ್ಮ ಹಿತ್ತಲದಾಗ ದನದ ಕೊಟ್ಟಗಿ ಐತಿ. ಗ್ವಾಡಿ ಕಲ್ಲಿಂದು, ಮ್ಯಾಲ ಅದ ಶೀಟು. ಅಂದ್ರ ಈ ಲೆಕ್ಕದಾಗ ನಮ್ಮ ಎಮ್ಮಿ ಪಕ್ಕಾ ಮನ್ಯಾಗ ಐತಿ, ನಮ್ಮವ್ವ ಕಚ್ಚಾ ಮನ್ಯಾಗ ಅದಾಳ. ಆ ಶೀಟಿನ ಧೂಳು ಯಾವ ಜಾತಿದಾದ್ರೂ ಕ್ಯಾನ್ಸರ್ ತರತೈತಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳೈತಿ, 50ಕ್ಕೂ ಹೆಚ್ಚು ದೇಶದವರು ಬಂದ್ ಮಾಡ್ಯಾರ. ನಮ್ಮಲ್ಲೆ ಇನ್ನೂ ಮಾರ್ತಾರ, ಮ್ಯಾಲ ಪಕ್ಕಾ ಅಂತ ಸರ್ಟಿಫಿಕೇಟ್ ಬ್ಯಾರೆ.

ಆ ಪಟ್ಟಿಯೊಳಗ ಇನ್ನೊಂದು ಮಜಾ ಐತಿ. ಜೊಂಡು ಕಚ್ಚಾ ಅಂತ ಬರದಾರಲ್ಲ, ಅದ ಜೊಂಡಿಗೆ ಸಿಮೆಂಟ್ ಬಳದ್ರ ಪಕ್ಕಾ! ಅಂದ್ರ ಗಿಡದ ದಂಟಿಗೆ ಏನೂ ದೋಷ ಇಲ್ಲ. ಮೆತ್ತಿದ್ದು ಸಗಣಿ-ಮಣ್ಣಾದ್ರ ಕಚ್ಚಾ, ಅಂಗಡಿಂದ ತಂದ ಸಿಮೆಂಟಾದ್ರ ಪಕ್ಕಾ. ರೊಕ್ಕ ಕೊಟ್ಟು ತಂದದ್ದಷ್ಟ ಗಟ್ಟಿ, ಹೆಣಮಕ್ಕಳು ಕೈಲೆ ಕಲಿಸಿದ್ದು ಪುಸುಕು ಅಂತ ಇವರ ತಲ್ಯಾಗ ಕುಂತೈತಿ. ನನಗ ಸಿಟ್ಟು ಬಂದದ್ದು ಇದಕ್ಕ.

ಹುಡುಗ ಅಂದ, "ಅತ್ತಿ, ಇದಕ್ಕ ನಮ್ಮ ಪುಸ್ತಕದಾಗ ಕಾಂಪೋಸಿಟ್ ಅಂತಾರ. ಗಿಡದ ನಾರು, ಅದನ್ನ ಹಿಡಕೊಳ್ಳಾಕ ಒಂದು ಅಂಟು. ಈಗ ಜಗತ್ತಿನ್ಯಾಗೆಲ್ಲಾ ಇದರ ಮ್ಯಾಲ ಸಂಶೋಧನಾ ನಡದೈತಿ." ನಾ ಪಿಯುಸಿ ಓದಿದಾಕಿ, ಅದೂ ಆರ್ಟ್ಸ್. ಆದ್ರ ಅವ ಬಿಡಿಸಿ ಹೇಳಿದ ಮ್ಯಾಲ ನನಗ ನಗಿ ಬಂತು. ಇದೇನು ಹೊಸಾದು? ಒಲಿ ಹಾಕುವಾಗ ಬರೇ ಮಣ್ಣು ಹಾಕಿದ್ರ ಒಣಗೂದ್ರಾಗ ಬಿರಕ ಬಿಡತೈತಿ ಅಂತ ಜ್ವಾಳದ ಹೊಟ್ಟು ಕಲಿಸ್ತಿದ್ವಿಲ್ಲೋ? ಮಣ್ಣು ಒಣಗುವಾಗ ಕುಗ್ಗತೈತಿ, ಕುಗ್ಗುವಾಗ ಸೀಳತೈತಿ. ಹೊಟ್ಟಿನ ಎಳಿ ಆ ಸೀಳಿನ ಎರಡೂ ದಂಡಿ ಹಿಡದು ಜಗ್ಗತೈತಿ. ಒತ್ತಿದ್ರ ಮಣ್ಣು ತಡಕೋತೈತಿ, ಜಗ್ಗಿದ್ರ ನಾರು ತಡಕೋತೈತಿ. ಇಷ್ಟ ಅದರ ಗುಟ್ಟು. ಕಬ್ಬಿಣದ ಸಳಿ ಹಾಕಿ ಸಿಮೆಂಟ್ ಸುರಿಯೂ ಆರ್‌ಸಿಸಿದೂ ಇದ ಗುಟ್ಟು. ಸಳಿ ಬದಲಿ ನಾವು ಹೊಟ್ಟು ಹಾಕಿದ್ವಿ.

ಕಣಜ ನೆನಪೈತೇನ್ರಿ? ಬಿದಿರಿನ ಸಳಿ ಹೆಣದು, ಒಳಗ-ಹೊರಗ ಸಗಣಿ-ಮಣ್ಣು ಬಳದು, ಚೀಲಗಟ್ಟಲೆ ಜ್ವಾಳ ತುಂಬಿದ್ರೂ ಜಗ್ಗತಿರಲಿಲ್ಲ. ಮತ್ತ ಕಾಗದದ ಬುಟ್ಟಿ! ಹಳೇ ಪೇಪರ್ ಮೂರು ದಿನ ನೆನಸಿ, ಮೆಂತೇ ಹಾಕಿ ಒಳ್ಳಿನ್ಯಾಗ ರುಬ್ಬಿ, ಕೊಡದ ತಳಕ್ಕ ಮೆತ್ತಿ ಒಣಗಿಸಿ ತಗದ್ರ ಹತ್ತು ವರ್ಷದ ಬುಟ್ಟಿ. ಕಾಗದ ಅಂದ್ರ ಗಿಡದ ನಾರು, ಮೆಂತೇ ಅಂದ್ರ ಗಿಡದ ಅಂಟು. ನಮ್ಮ ಸಣ್ಣತ್ತಿ ಮಾಡಿದ ಒಂದು ಬುಟ್ಟಿ ನನ್ನ ಹತ್ರ ಇನ್ನೂ ಐತಿ, ಶೇಂಗಾ ಹಾಕಿಡತೀನಿ. ಅಟ್ಟದ ಮ್ಯಾಲಿಂದ ಬಿದ್ರೂ ಒಡದಿಲ್ಲ. ಅದ ದೀಪಾವಳಿಗೆ ತಂದ ಪ್ಲಾಸ್ಟಿಕ್ ಡಬ್ಬಿ ಬಾಯಿ ಸೀಳೇತಿ.

ಹಳೇ ವಾಡೇದ ಗ್ವಾಡಿಗೆ ಹಾಕ್ತಿದ್ದ ಗಚ್ಚು ಸುದ್ದಾ ಹಂಗ. ಸುಣ್ಣ, ಉಸುಕು, ಅದಕ್ಕ ಬೆಲ್ಲದ ನೀರು, ಅಳಲೆಕಾಯಿ ನೀರು. ಎಲ್ಲೋರಾ ಗುಡಿಗೆ ಟ್ರಿಪ್ ಹೋಗಿದ್ವಲ್ಲ, ಅಲ್ಲಿ ಗುಹೆದ ಗ್ವಾಡಿಗೆ ಮೆತ್ತಿದ ಮಣ್ಣು-ಸುಣ್ಣದಾಗ ಗಾಂಜಾ ಗಿಡದ ನಾರು ಸಿಕ್ಕೈತಿ. 2016ರಾಗ ವಿಜ್ಞಾನಿಗಳು ಪರೀಕ್ಷೆ ಮಾಡಿ ಬರದಾರ. ಸಾವಿರ ವರ್ಷದ ಮ್ಯಾಲಾದ್ರೂ ಹುಳ ಹತ್ತದಂಗ ಉಳದದ್ದು ಆ ನಾರಿನ ದೆಸಿಂದ ಅಂತ ಅವರ ಮಾತು. ಈಗ ಯುರೋಪಿನ್ಯಾಗ ಅದ ಗಿಡದ ದಂಟಿನ ಚೂರು ಸುಣ್ಣದಾಗ ಕಲಿಸಿ ಗ್ವಾಡಿ ಹಾಕಿ ಹೆಂಪ್‌ಕ್ರೀಟ್ ಅಂತ ಹೆಸರಿಟ್ಟಾರ. ಫ್ರಾನ್ಸಿನವರು 1980ರ ದಶಕದಾಗ ಶುರು ಮಾಡಿದ್ದಂತ. ಅದು ಭಾರ ಹೊರೂದಿಲ್ಲ, ಕಟಗಿ ಚೌಕಟ್ಟು ನಿಲ್ಲಿಸಿ ನಡು ತುಂಬಬೇಕು. ಬಿಸಿಲು ಒಳಗ ಬಿಡೂದಿಲ್ಲ. ನಮ್ಮಲ್ಲೆ ಆ ಗಿಡ ಹಚ್ಚಿದ್ರ ಪೊಲೀಸರು ಬರ್ತಾರ, 1985ರ ಕಾಯ್ದೆ ಐತಿ. ಉತ್ತರಾಖಂಡದವರು 2018ರಾಗ ನಾರಿಗಾಗಿ ಬೆಳಿಯಾಕ ಲೈಸೆನ್ಸ್ ಕೊಡಾಕ ಶುರು ಮಾಡ್ಯಾರ. ನಮಗ ಅದು ಬ್ಯಾಡ ಬಿಡ್ರಿ, ನಮ್ಮ ಹೊಲದಾಗ ಏನು ಕಡಿಮಿ ಐತಿ? ಪುಂಡಿಪಲ್ಯೆ ತಿಂದು ಅದರ ನಾರಿನ ಹಗ್ಗ ಹೊಸದ ಮಂದಿ ನಾವು. ಅದ ಪುಂಡಿ ಜಾತಿ ಗಿಡಕ್ಕ ಕೆನಾಫ್ ಅಂತ ಹೆಸರು ಹೇಳಿ ಪರದೇಶದಾಗ ಕಾರಿನ ಬಾಗಲದ ಒಳಗಿನ ಹಲಿಗಿ ಮಾಡ್ತಾರ.

ಈಗ ಇನ್ನೊಂದು ಸಂಕಟ ಕೇಳ್ರಿ. ಗಿಡ ಬಳಸೂದು ಬಡತನ ಅಂತ ಅನ್ನೂದು ನಮ್ಮಂಥವರಿಗಷ್ಟ. ಬೆಂಗಳೂರಿನ ವಿಮಾನ ನಿಲ್ದಾಣದ ಎರಡನೇ ಟರ್ಮಿನಲ್ 2022ರ ನವೆಂಬರದಾಗ ಉದ್ಘಾಟನೆ ಆತಲ್ಲ, ಅದರ ಮಾಳಗಿ ತುಂಬ ಬಿದಿರು. ಸಂಸ್ಕರಿಸಿ ಒತ್ತಿ ಅಂಟಿಸಿದ ಬಿದಿರು. ಅದಕ್ಕ ಪರದೇಶದ ಪ್ರಶಸ್ತಿ ಬಂತು, ನಾವೆಲ್ಲಾ ವಾಟ್ಸಪ್ಪಿನ್ಯಾಗ ಫೋಟೋ ಹಾಕಿ "ವಾವ್" ಅಂದ್ವಿ. ಹೊಸಾ ಪಾರ್ಲಿಮೆಂಟಿನ ನೆಲಕ್ಕ ತ್ರಿಪುರಾದ ಬಿದಿರು ಹಾಸ್ಯಾರ. ಮಂತ್ರಿಗಳ ಕಾಲಿನ ಕೆಳಗ ಬಿದಿರು ಇದ್ರ ಅದು ದೇಶದ ಹೆಮ್ಮಿ, ನಮ್ಮವ್ವನ ತಲಿ ಮ್ಯಾಲ ಬಿದಿರು ಇದ್ರ ಕಚ್ಚಾ. ಯಾವ ನ್ಯಾಯ ಇದು?

ನನ್ನ ವಾದ ಪೂರಾ ಕೇಳೂದಕ್ಕ ಮೊದಲ ನೀವು ಅಂತೀರಿ, ನಮ್ಮ ವೈನಿ ಫೋನಿನ್ಯಾಗ ಆಗಲೇ ಅಂದಾಳ: "ಹುಬ್ಬಳ್ಳ್ಯಾಗ ಟೈಲ್ಸ್ ಮ್ಯಾಲ ಅಡ್ಡಾಡಕೋತ ನಮಗ ಸಗಣಿ ಸಾರಸು ಅಂತ ಹೇಳಬ್ಯಾಡ." ಖರೆ ಐತಿ. ನಾ ಹಂಗ ಹೇಳೂದಿಲ್ಲ. ಮಣ್ಣಿನ ಮನಿ ಅಂದ್ರ ಸ್ವರ್ಗ ಅಂತ ಹಾಡಿ ಹೊಗಳವರು ಬಹಳ ಮಂದಿ ಆಗ್ಯಾರ. ಅವರು ಒಂದು ರಾತ್ರಿ ರೆಸಾರ್ಟಿನ್ಯಾಗ ಮಲಗಿ ಬರ್ತಾರ. ವಾರ ವಾರ ಸಾರಸವರು ಯಾರು? ಉಗಾದಿ ಮುಂದ ಇಡೀ ಮನಿ ಬಳಿಯವರು ಯಾರು? ಮಳಿಗಾಲಕ್ಕ ಮೊದಲ ಮಾಳಗಿ ಮ್ಯಾಲ ಸವಳು ಮಣ್ಣು ಹೊತ್ತು ಹಾಕವರು ಯಾರು? ಅವ್ವನ ಅಂಗೈ ನೋಡ್ರಿ ಬೇಕಾದ್ರ, ಸುಣ್ಣ-ಸಗಣಿಗೆ ಬಿರತು ಬಿರತು ಅಲ್ಲಿ ರೇಖಾ ಉಳದಿಲ್ಲ. ಜಂತಿ ಸಂದಿಂದ ಚೇಳು ಬಿದ್ದು ನಮ್ಮ ಅಕ್ಕಗ ಕಡದಿತ್ತು, ಆಕಿಗೆ ಆಗ ಆರು ವರ್ಷ, ರಾತ್ರಿ ಪೂರಾ ಒದ್ದಾಡಿದ್ಳು. ಗೆದ್ದಲ ಹತ್ತಿ ಒಂದು ತೊಲಿ ಪೊಳ್ಳಾಗಿತ್ತು. ಹಳೇದೆಲ್ಲಾ ಬಂಗಾರ ಅಂತ ನಾ ಹೇಳಿದ್ರ ಅವ್ವನ ಬೆನ್ನು ನೋವಿಗೆ ದ್ರೋಹ ಮಾಡಿದಂಗ.

ಮತ್ತ ಜೀವದ ಪ್ರಶ್ನಿನೂ ಐತಿ. 1993ರ ಸೆಪ್ಟೆಂಬರ್ 30, ಗಣಪತಿ ಕಳಿಸಿ ಮಲಗಿದ ರಾತ್ರಿ, ಬೆಳಗು ಮುಂಜಾನೆ ಕಿಲ್ಲಾರಿ ಭೂಕಂಪ ಆತು. ನನ್ನ ಲಗ್ನಾಗಿ ಆಗಿನ್ನೂ ವರ್ಷ ಆಗಿತ್ತು. ನಮ್ಮ ಕಡೇನೂ ಭಾಂಡೆ ಅಲಗಾಡಿದ್ವು. ಅಲ್ಲಿ ಹತ್ತಿರ ಹತ್ತಿರ 10 ಸಾವಿರ ಮಂದಿ ಹೋದ್ರು. ಅವರನ್ನ ಕೊಂದದ್ದು ಏನು? ಬರೇ ಮಣ್ಣಿನ್ಯಾಗ ಕೂಡಿಸಿದ ಕಲ್ಲಿನ ಗ್ವಾಡಿ, ಅದರ ಮ್ಯಾಲ ಫೂಟುಗಟ್ಟಲೆ ಮಣ್ಣು ಹೇರಿದ ಮಾಳಗಿ. ನಮ್ಮ ಮನಿ ಹಂಥಾದ್ದೇ. 2019ರ ಆಗಸ್ಟಿನ್ಯಾಗ ಮಲಪ್ರಭಾ ಬಂದಾಗ ಪಟ್ಟದಕಲ್ಲ ಗುಡಿತನಾ ನೀರು ನಿಂತಿತ್ತು, ದಂಡಿ ಊರಾಗ ಮಣ್ಣಿನ ಮನಿ ಕರಗಿ ಕುಂತ್ವು. ನಮ್ಮ ಊರು ಎತ್ತರದಾಗ ಐತಿ ಅಂತ ಉಳಕೊಂಡ್ವಿ. ಹಂಗಂತ ನಾ ತಮ್ಮಗ "ಏನೂ ಮುಟ್ಟಬ್ಯಾಡ, ಹಂಗ ಬಿಡು" ಅಂತ ಹೇಳಲಾರೆ. ಆ ಮಾಳಗಿ ಭಾರ ಇಳಸಬೇಕು. ಅದು ನನಗೂ ಕಬೂಲ್.

ಆದ್ರ ಭಾರ ಇಳಸೂದು ಅಂದ್ರ ಸ್ಲ್ಯಾಬ್ ಹಾಕೂದೊಂದ ದಾರಿ ಅಂತ ಯಾರು ಹೇಳಿದ್ರು? ನಾಕೈದು ಇಂಚಿನ ಸ್ಲ್ಯಾಬ್ ಎಪ್ರಿಲ್ ಬಿಸಲಾಗ ದಿನಪೂರ್ತಿ ಕಾಯ್ತೈತಿ, ರಾತ್ರಿ ಅದ ಬಿಸಿ ಕೆಳಗ ಉಗಳತೈತಿ. ನನ್ನ ಮನ್ಯಾಗ ನಾ ಅನುಭವಿಸ್ತೀನಿ. ಮ್ಯಾಲಿನ ಮಹಡಿ ಖೋಲ್ಯಾಗ ರಾತ್ರಿ ಹನ್ನೊಂದಕ್ಕ ಗ್ವಾಡಿಗೆ ಕೈ ಇಟ್ರ ಹಂಚು ಮುಟ್ಟಿದಂಗ. ಫ್ಯಾನ್ ತಿರುಗಿ ಬಿಸಿ ಗಾಳಿನ ಕೊಡತೈತಿ. ಹೋದ ಬ್ಯಾಸಗ್ಯಾಗ ಅವ್ವನ್ನ ಕರಕೊಂಡು ಬಂದಿದ್ದೆ, ನಾಕು ದಿನಕ್ಕ "ನನ್ನ ಊರಿಗೆ ಒಯ್ದು ಬಿಡು, ಇಲ್ಲಿ ಉಸುರು ಕಟ್ಟತೈತಿ" ಅಂತ ಅತ್ತಳು. ಕೂಲರ್ ತಂದ್ವಿ, ಅದರ ಶೀತಕ್ಕ ಕೆಮ್ಮು ಬಂತು. ಊರಿಗೆ ಬಿಟ್ಟು ಬಂದ ರಾತ್ರಿ ಆಕಿ ಬೆಳತನಾ ನಿದ್ದಿ ಮಾಡಿದ್ಳಂತ. ಅಂಥಾಕಿ ತಲಿ ಮ್ಯಾಲ ಈಗ ಸ್ಲ್ಯಾಬ್ ಹಾಕತೀನಿ ಅಂತಾನ ತಮ್ಮ. ಎಸಿ ಹಾಕಸ್ತೀಯೇನೋ ಅಂದೆ. ಕರೆಂಟ್ ಬಿಲ್ ಯಾರ ಕಟ್ಟಬೇಕು ಅಂದ. ನಿನ್ನ ಸ್ಲ್ಯಾಬಿನ ಬಿಲ್ ಅವ್ವ ಮೈಲೆ ಕಟ್ಟಬೇಕೇನೋ ಅಂದೆ. ಅದಕ್ಕ ಅವ ಎರಡು ದಿನ ಮಾತಾಡಲಿಲ್ಲ.

ಸಿಮೆಂಟು ಪುಕ್ಕಟ ಅಲ್ಲ ಅಂತ ನಮಗ ಗೊತ್ತೈತಿ, ರೊಕ್ಕದ ಮಾತಲ್ಲ ನಾ ಹೇಳೂದು. ಸುಣ್ಣದ ಕಲ್ಲು 1450 ಡಿಗ್ರಿತನಾ ಸುಟ್ಟು ಮಾಡೂದು ಅದು. ಸುಡಾಕ ಕಲ್ಲಿದ್ದಲು ಬೇಕು, ಮತ್ತ ಆ ಕಲ್ಲಿನೊಳಗಿಂದನ ಇಂಗಾಲದ ಗಾಳಿ ಹೊರಬೀಳತೈತಿ. ಜಗತ್ತಿನ್ಯಾಗ ಮನಷ್ಯಾರು ಬಿಡೂ ಆ ಗಾಳಿಯೊಳಗ ನೂರಕ್ಕ 7-8 ಪಾಲು ಸಿಮೆಂಟಿಂದ ಅಂತ ಲೆಕ್ಕ. ಗಿಡ ಅದಕ್ಕ ಉಲ್ಟಾ. ಬೆಳೆಯುವಾಗ ಅದ ಗಾಳಿ ಕುಡದು ಮೈಯಾಗ ಇಟ್ಟಕೋತೈತಿ. ಸುಟ್ರ ತಿರುಗಿ ಬಿಡತೈತಿ, ಮನಿ ಗ್ವಾಡ್ಯಾಗ ಇಟ್ರ ಮನಿ ಇರೂತನಾ ಅಲ್ಲೇ ಇರತೈತಿ. ಈಗ ನಮ್ಮ ಕಡೆ ಏನು ಮಾಡಾಕತ್ತಾರ? ಕಬ್ಬು ಕಡದ ಮ್ಯಾಲ ರವದಿಗೆ ಬೆಂಕಿ. ಹತ್ತಿ ಬಿಡಿಸಿದ ಮ್ಯಾಲ ಕಟಗಿಗೆ ಬೆಂಕಿ. ಮುಧೋಳ, ಜಮಖಂಡಿ ಕಡೆ ಸಂಜೀಕ ಬಸ್ಸಿನ್ಯಾಗ ಹೋದ್ರ ಎರಡೂ ಬಾಜೂ ಹೊಗಿ.

ಅದ ಹತ್ತಿ ಕಟಗಿ ಪುಡಿ ಮಾಡಿ, ಅಂಟು ಹಾಕಿ, ಬಿಸಿ ಒತ್ತಿ ಹಲಿಗಿ ಮಾಡೂದನ್ನ ಮುಂಬಯಿಯ ಹತ್ತಿ ಸಂಶೋಧನಾ ಸಂಸ್ಥೆ ಸಿರ್ಕಾಟದವರು ಮಾಡಿ ತೋರಿಸ್ಯಾರ. ಕಬ್ಬಿನ ಸಿಪ್ಪಿಂದನೂ ಹಲಿಗಿ ಆಗತಾವ. ಬೆಂಗಳೂರಿನ ತುಮಕೂರ ರಸ್ತೆದಾಗ ಪ್ಲೈವುಡ್ ಸಂಶೋಧನಾ ಸಂಸ್ಥೆ ಇತ್ತಲ್ಲ, ಇಪಿರ್ಟಿ ಅಂತಿದ್ರು, ಅಲ್ಲೆ ಬಿದಿರಿನ ಚಾಪಿ ಹೆಣದು, ರಾಳದಾಗ ಅದ್ದಿ, ಅಲಿ ಅಲಿ ಅಚ್ಚಿನ್ಯಾಗ ಬಿಸಿ ಒತ್ತಿ ಮಾಳಗಿಗೆ ಹಾಕೂ ಶೀಟು ಮಾಡ್ಯಾರ. ನೋಡಾಕ ಥೇಟ್ ಸಿಮೆಂಟ್ ಶೀಟಿನಂಗ, ಆದ್ರ ಹಗುರ, ಒಳಗ ಬಿಸಿ ಕಡಿಮಿ, ಅಸ್ಬೆಸ್ಟಾಸಿನ ವಿಷ ಇಲ್ಲ. ಚಾಪಿ ಹೆಣಿಯವರು ಹೆಚ್ಚಾಗಿ ಹೆಣಮಕ್ಕಳು, ಅದೂ ಒಂದು ಕೆಲಸ ಆತು. ಅಸ್ಸಾಂ ಕಡೆ 1897ರ ದೊಡ್ಡ ಭೂಕಂಪ ಆದ ಮ್ಯಾಲ ಕಟಗಿ ಚೌಕಟ್ಟಿನೊಳಗ ಇಕ್ರಾ ಅನ್ನೂ ಜೊಂಡು ಕೂಡಿಸಿ, ಮ್ಯಾಲ ಗಿಲಾವು ಮಾಡಿ ಮನಿ ಕಟ್ಟಾಕ ಹತ್ತಿದ್ರು. ಹಗುರ ಗ್ವಾಡಿ, ಅಲಗಾಡಿದ್ರ ಬಾಗತೈತಿ, ಮೈಮ್ಯಾಲ ಕುಸಿಯೂದಿಲ್ಲ. ಕಿಲ್ಲಾರಿ ಪಾಠ ಅವರಿಗೆ ನಮಗಿಂತ ನೂರು ವರ್ಷ ಮೊದಲ ಸಿಕ್ಕಿತ್ತು.

ಕೆಲವರು ಕೇಳತೀರಿ, ಜ್ವಾಳದ ಕಣಕಿನೂ ಹಾಕಬಹುದಲ್ಲ ಅಂತ. ಅದು ಎತ್ತಿನ ಪಾಲು, ಅದಕ್ಕ ಕೈ ಹಾಕಬಾರದು. ದನ ತಿನ್ನದ ಕಟಗಿ ಬೇಕಾದಷ್ಟು ಅದಾವ.

ಬಿದಿರಿಗೆ ಹುಳ ಬೀಳತೈತಿ ಅನ್ನೂದು ಖರೆ. ಅದರೊಳಗ ಗಂಜಿ ಇರತೈತಿ, ಕುಟ್ಟಿ ಹುಳ ಬರೂದು ಆ ಗಂಜಿಗೆ. ಹಿರ್ಯಾರು ಅಮಾಸಿ ಕತ್ತಲದಾಗ ಕಡದು ಕೆರ್ಯಾಗ ನೆನಿ ಹಾಕ್ತಿದ್ರು, ಗಂಜಿ ನೀರಾಗ ಬಿಟ್ಟಹೋಗಲಿ ಅಂತ. ಈಗ ಬೋರ್ಯಾಕ್ಸ್, ಬೋರಿಕ್ ಆ್ಯಸಿಡ್ ಕರಗಿಸಿದ ನೀರಾಗ ನೆನಸ್ತಾರ. ನೆನಸದ ಹಸೀ ಬಿದಿರು ಹಾಕಿ ಎರಡು ವರ್ಷಕ್ಕ ಪುಡಿ ಉದುರಿದ್ರ ಅದು ಬಿದಿರಿನ ತಪ್ಪಲ್ಲ, ಹಾಕಿದವನ ತಪ್ಪು. ಹಸೀ ಉಪ್ಪಿನಕಾಯಿಗೆ ಉಪ್ಪು ಕಡಿಮಿ ಹಾಕಿ ಬೂಜು ಬಂತು ಅಂತ ಮಾವಿನಕಾಯಿಗೆ ಬೈದಂಗ. ಬೆಳಿಯಾಕೂ ಈಗ ತ್ರಾಸ ಇಲ್ಲ. 2017ರಾಗ ಅರಣ್ಯ ಕಾಯ್ದೆ ತಿದ್ದಿ, ಅಡವಿ ಹೊರಗ ಬೆಳದ ಬಿದಿರು ಮರ ಅಲ್ಲ ಅಂತ ಮಾಡ್ಯಾರ.

ಇನ್ನ ಅಂಗಡಿಯವರ ಸರದಿ. ಗಿಡದ್ದು ಅಂದಕೂಡಲೇ ಕಣ್ಣು ಮುಚ್ಚಿ ತಗೋಬ್ಯಾಡ್ರಿ, ನಾ ತಗೊಂಡು ಬುದ್ಧಿ ಕಲತೀನಿ. ಆರು ವರ್ಷದ ಹಿಂದ ಅಡಗಿಮನಿ ಕಪಾಟು ಮಾಡಿಸಿದ್ವಿ. ಅಂಗಡಿಯಾವ "ಇಕೋ ಬೋರ್ಡ್ ರೀ ಮೇಡಂ, ಪೂರಾ ನ್ಯಾಚುರಲ್, ಮರ ಕಡಿಯೂದಿಲ್ಲ" ಅಂತ ಹೇಳಿ ಎಂಡಿಎಫ್ ಹಲಿಗಿ ಹಾಕಿದ. ಮೂರು ತಿಂಗಳ ಕಪಾಟು ತಗದ್ರ ಕಣ್ಣಾಗ ನೀರು, ಉಳ್ಳಾಗಡ್ಡಿ ಹೆಚ್ಚಿದಂಗ. ಸಣ್ಣ ಮೊಮ್ಮಗಳಿಗೆ ಶೀನು ನಿಲ್ಲಲಿಲ್ಲ. ಎರಡನೇ ಮಳಿಗಾಲಕ್ಕ ಸಿಂಕಿನ ಕೆಳಗಿನ ಹಲಿಗಿ ಹೆಂಚಿನ ಮ್ಯಾಲ ರೊಟ್ಟಿ ಉಬ್ಬಿದಂಗ ಉಬ್ಬಿ, ಮುಟ್ಟಿದ್ರ ಹಿಟ್ಟು. ಹೋಗಿ ಕೇಳಿದ್ರ, ನೀರು ಬೀಳಸಬಾರದ್ರೀ ಅಂದ. ಅಡಗಿಮನ್ಯಾಗ ನೀರು ಬೀಳಸಬಾರದಂತ!

ಹುಡುಗ ಬಿಡಿಸಿ ಹೇಳಿದ ಮ್ಯಾಲ ತಿಳೀತು. ನಾರು ಗಿಡದ್ದ, ಆದ್ರ ಅದನ್ನ ಹಿಡದ ಅಂಟು ಯೂರಿಯಾ-ಫಾರ್ಮಾಲ್ಡಿಹೈಡ್. ಕಣ್ಣು ಉರದದ್ದು ಆ ಫಾರ್ಮಾಲ್ಡಿಹೈಡ್ ಗಾಳಿಗೆ. ಅದು ಕ್ಯಾನ್ಸರ್ ತರೂ ವಸ್ತು ಅಂತ ವಿಶ್ವ ಆರೋಗ್ಯ ಸಂಸ್ಥೆದ ಕ್ಯಾನ್ಸರ್ ಸಂಶೋಧನಾ ವಿಭಾಗದವರು 2004ರಾಗನ ಹೇಳ್ಯಾರ. ಆ ಅಂಟಿಗೆ ನೀರೂ ತಡಿಯೂದಿಲ್ಲ. ಫಿನಾಲ್ ಅಂಟು ಬ್ಯಾರೆ, ಅದು ನೀರಿಗೆ ಬಿಡೂದಿಲ್ಲ, ಗಾಳಿನೂ ಬಹಳ ಕಡಿಮಿ ಬಿಡತೈತಿ. ಆ ಬಿದಿರು ಶೀಟಿಗೆ ಹಾಕೂದು ಅದ ಜಾತಿದು. ಅದೂ ಪೂರಾ ಗಿಡದ್ದಲ್ಲ, ಸುಳ್ಳು ಯಾಕ ಹೇಳಲಿ. ಅದರಾಗ ಒಂದಿಷ್ಟು ಪಾಲು ಗೇರುಬೀಜದ ಸಿಪ್ಪಿ ಎಣ್ಣಿ ಕೂಡಿಸಾಕ ಬರತೈತಂತ. ಮಂಗಳೂರ ಕಡೆ ಆ ಸಿಪ್ಪಿಗೇನು ಬರ ಇಲ್ಲ.

ಇನ್ನೊಂದು ಡಬ್ಲ್ಯುಪಿಸಿ. "ಕಟಗಿದು ಮೇಡಂ" ಅಂತಾರ. ಬಹಳಷ್ಟು ಹಲಿಗ್ಯಾಗ ಪಿವಿಸಿ ಪ್ಲಾಸ್ಟಿಕ್ ಹೆಚ್ಚು, ಕಟಗಿ ಪುಡಿ ಹೆಸರಿಗೆ. ನೀರಿಗೆ ಉಬ್ಬೂದಿಲ್ಲ, ಬಾತ್‌ರೂಮಿನ ಬಾಗಲಕ್ಕ ಬೇಕಾದ್ರ ಹಾಕಸ್ರಿ, ಆದ್ರ ಗಿಡದ್ದು ಅಂತ ಹೆಚ್ಚಿಗಿ ರೊಕ್ಕ ಕೊಡಬ್ಯಾಡ್ರಿ. ಅಂಗಡ್ಯಾಗ ಹೋಗಿ ಬಣ್ಣ ನೋಡೂದಕ್ಕ ಮೊದಲ ಕೇಳ್ರಿ: ನಾರು ಯಾವುದು? ಅಂಟು ಯಾವುದು? ಇ-ಝೀರೋ ಏನು, ಇ-ಒನ್ ಏನು? ಒಂದು ತುಂಡು ಕೊಡು, ಮನಿಗೆ ಒಯ್ದು ರಾತ್ರಿ ನೀರಾಗ ನೆನಿ ಹಾಕಿ ನೋಡತೀನಿ ಅನ್ರಿ. ಕಡ್ಲಿ ತಗೊಳ್ಳುವಾಗ ಎರಡು ಕಾಳು ಬಾಯಾಗ ಹಾಕ್ಕೊಂಡು ನೋಡೂ ನಾವು, ಎರಡು ಲಕ್ಷದ ಅಡಗಿಮನಿಗೆ ಕೇಳಾಕ ಯಾಕ ನಾಚಬೇಕು? ತುಂಡು ಕೊಡಲಿಲ್ಲಂದ್ರ ಬ್ಯಾರೆ ಅಂಗಡಿ ನೋಡ್ರಿ.

ಮನಿ ಕಟ್ಟೂ ಮಾತು ಬಂದಾಗ ನಮ್ಮ ಹೆಣಮಕ್ಕಳನ್ನ ಕೇಳೂದು ಎರಡ: ದೇವರ ಖೋಲಿ ಯಾವ ಕಡೆ, ಕಟ್ಟಿಗೆ ಯಾವ ಬಣ್ಣದ ಗ್ರಾನೈಟ್. ಗ್ವಾಡಿ ಯಾತರದು, ಮಾಳಗಿ ಯಾತರದು ಅಂತ ಯಾರಾದ್ರೂ ಕೇಳ್ಯಾರೇನು? ಆ ಗ್ವಾಡಿ ಒಳಗ ದಿನಾ ಇಪ್ಪತ್ತು ತಾಸು ಇರವರು ಯಾರು? ಗಂಡಸರು ಮುಂಜಾನೆದ್ದು ಹೊರಗ ಹೋಗ್ತಾರ. ಮಧ್ಯಾಹ್ನ ಎರಡಕ್ಕ ಸ್ಲ್ಯಾಬಿನ ಕೆಳಗ ಒಲಿ ಮುಂದ ನಿಂತವರು ನಾವು, ಕೂಸು ಮಲಗಿಸಿ ಬೀಸಣಿಕಿ ಬೀಸವರು ನಾವು, ವಯಸ್ಸಾದವರನ್ನ ಒರಸವರು ನಾವು.

ಸರ್ಕಾರದಾಗ ಬುದ್ಧಿ ಇದ್ದವರೂ ಅದಾರ. ಗ್ರಾಮೀಣ ವಸತಿ ಯೋಜನೆಯವರು 'ಪಹಲ್' ಅಂತ ಒಂದು ಪುಸ್ತಕ ತಂದಾರ, ಆಯಾ ಸೀಮೆದ ಮಣ್ಣು, ಬಿದಿರು, ಕಲ್ಲು ಬಳಸಿ ಮನಿ ಹೆಂಗ ಗಟ್ಟಿ ಕಟ್ಟಬೇಕು ಅಂತ ನಮೂನಿ ತೋರಿಸ್ಯಾರ. ಆ ಪುಸ್ತಕ ಬರದವರು ಮತ್ತ ಮೊಬೈಲಿನ್ಯಾಗ ಕಚ್ಚಾ ಅಂತ ಕೂಡಿಸಿದವರು ಒಂದ ಸರ್ಕಾರದವರು, ಒಬ್ಬರ ಮಾತು ಒಬ್ಬರು ಕೇಳೂದಿಲ್ಲ. ತಮ್ಮನ ಅಂಜಿಕಿನೂ ನನಗ ತಿಳೀತೈತಿ. ಬಿದಿರು ಶೀಟು ಹಾಕಿದ್ರ ಬಿಲ್ ಪಾಸ್ ಮಾಡವರು ನೋಡಿ "ಇದೇನು ಪಕ್ಕಾ ಅಲ್ಲ" ಅಂತ ಕಂತು ತಡದ್ರ ಏನು ಮಾಡೂದು? ರೊಕ್ಕ ಅರ್ಧಕ್ಕ ನಿಂತ್ರ ಮಳಿಗಾಲದಾಗ ಅವ್ವನ್ನ ಎಲ್ಲಿ ಇಡೂದು? ಇದಕ್ಕ ನನ್ನ ಹತ್ರ ಉತ್ತರ ಇಲ್ಲ, ಆಫೀಸಿಗೆ ಹೋಗಿ ಬರವಣಿಗ್ಯಾಗ ಕೇಳಬೇಕು. ಅರ್ಜಿ ನಾನ ಬರದೀನಿ. ಮನಿ ಅವ್ವನ ಹೆಸರಿಲೆ ಐತಿ, ಹೆಬ್ಬಟ್ಟು ಅಲ್ಲ, ಅವ್ವ ಸಹಿ ಮಾಡ್ಯಾಳ.

ಹುಡುಗ ಒಂದು ನಕಾಶೆ ಹಾಕ್ಯಾನ. ಮುಂದಿನ ಎರಡು ಖೋಲಿ ಅವರ ಅಪ್ಪನ ಇಚ್ಛೆದಂಗ ಸ್ಲ್ಯಾಬ್. ಹಿಂದಿನ ಅವ್ವನ ಖೋಲಿದು ಮಣ್ಣಿನ ಗ್ವಾಡಿ ಉಳಸೂದು, ಅದರ ಬುಡಕ್ಕ ಎರಡು ಫೂಟು ಕಲ್ಲು ಕೂಡಿಸಿ ಭದ್ರ ಮಾಡೂದು, ಮಾಳಗಿ ಮಣ್ಣೆಲ್ಲಾ ಇಳಸೂದು, ಗ್ವಾಡಿ ತಲಿ ಮ್ಯಾಲ ಸುತ್ತಾ ಒಂದು ಪಟ್ಟಿ ಕಟ್ಟಿ, ಇಳಿಜಾರು ಬಿದಿರು ಶೀಟು, ಅದರ ಕೆಳಗ ಒಂದು ಬಿದಿರು ಚಾಪಿ, ನಡು ಗಾಳಿ ಆಡಾಕ ಜಾಗ. ನೆಲಕ್ಕ ಶಹಾಬಾದ ಪರಸಿ, ಸಾರಸೂ ಕೆಲಸ ಯಾರಿಗೂ ಇಲ್ಲ. ಜಂತಿ ಹೋದ್ರ ಚೇಳೂ ಹೋಗತಾವ. ನಕಾಶೆ ನೋಡಿ ಅವ್ವ ಒಂದ ಪ್ರಶ್ನಿ ಕೇಳಿದ್ಳು: "ಬೆಳಕಿಂಡಿ ಎಲ್ಲೈತಿ?" ಹುಡುಗ ಮರತಿದ್ದ. ಅಲ್ಲೇ ಪೆನ್ಸಿಲ್ ತಗೊಂಡು ಹಾಕಿದ.

ತಮ್ಮ ಬರೂ ಸೋಮವಾರ ಮೇಸ್ತ್ರಿನ್ನ ಕರಕೊಂಡು ಬರ್ತಾನಂತ. ನಾನೂ ಹೊಂಟೀನಿ. ನಿಮ್ಮ ಪೈಕಿ ಯಾರಾದ್ರೂ ಬಿದಿರು ಶೀಟು ಹಾಕಿಸಿದವರು ಇದ್ರ, ಅದು ಎಷ್ಟು ಮಳಿಗಾಲ ಕಂಡೈತಿ, ಸೋರೇತೇನು, ಮಂಗ್ಯಾ ಹಾರಿದ್ರ ತಡೀತೇನು ಅಂತ ಸೋಮವಾರದೊಳಗ ನನಗ ತಿಳಸ್ರಿ. ಫೋಟೋ ಇದ್ರ ಬಹಳ ಛಲೋ, ಮೇಸ್ತ್ರಿಗೆ ತೋರಸಾಕ ಬೇಕು.